ನರಸೀಪುರ ಕ್ಲಬ್ಬಿನ ಗಂಟೆ

ಇದನ್ನು ಹೇಳುವುದನ್ನು ಇಷ್ಟು ವರ್ಷ ಮುಂದೂಡುತ್ತಲೇ ಬಂದಿದ್ದೇನೆ. ನಮ್ಮ ನಂಜನಗೂಡಿನ ಕ್ಲಬ್ಬಿನವರು ಸ್ಮರಣ ಸಂಚಿಕೆ ತರುವಾಗಲೆಲ್ಲ ಅಂಗಡಿಗೆ ಬಂದು, ‘ಹಿರಿಯರು ನೀವು, ಏನಾದರೂ ಬರೆದುಕೊಡಿ’ ಎನ್ನುತ್ತಿದ್ದರು. ಒಂದು ಸಲ ಕಣ್ಣಿನ ಶಿಬಿರದ ಬಗ್ಗೆ ಬರೆದುಕೊಟ್ಟೆ, ಇನ್ನೊಂದು ಸಲ ರಕ್ತದಾನದ ಬಗ್ಗೆ, ಮತ್ತೊಂದು ಸಲ ಬಸ್ ನಿಲ್ದಾಣದಲ್ಲಿ ನಾವು ಇಡಿಸಿದ ಕುಡಿಯುವ ನೀರಿನ ತೊಟ್ಟಿಯ ಬಗ್ಗೆ. ಪ್ರತಿ ಸಲವೂ ಪೆನ್ನಿನ ಮುಚ್ಚಳ ಹಾಕುವಾಗ, ಬರೆಯಬೇಕಾದ್ದನ್ನು ಬರೆಯಲಿಲ್ಲವಲ್ಲ ಎಂದು ಅನ್ನಿಸುತ್ತಿತ್ತು. ಈಗ ಎಪ್ಪತ್ತು ದಾಟಿದೆ. ಊರಿಗೆಲ್ಲ ಕಣ್ಣಿನ ಶಿಬಿರ ಮಾಡಿಸಿದವನ ಕಣ್ಣಿಗೇ ಎರಡು ಆಪರೇಷನ್ ಆಗಿದೆ. ಇನ್ನು ತಡಮಾಡಿದರೆ ಬರೆಯಲು ನಾನೂ ಇರುವುದಿಲ್ಲ, ಓದಬೇಕಾದವರೂ ಇರುವುದಿಲ್ಲ.

ನನ್ನದು ಬಜಾರಿನಲ್ಲಿ ಪಾತ್ರೆ ಅಂಗಡಿ. ಎಸ್ಸೆಸ್ಸೆಲ್ಸಿ ಮುಗಿಸಿದ ವರ್ಷವೇ ಅಪ್ಪ ಗಲ್ಲಾಪೆಟ್ಟಿಗೆಯ ಹಿಂದೆ ಕೂರಿಸಿದರು. ತೊಂಬತ್ತರ ದಶಕದ ಮೊದಲಲ್ಲಿ ಪಕ್ಕದ ಮೆಡಿಕಲ್ ಸ್ಟೋರಿನವರು ಊರಿನ ಸೇವಾ ಕ್ಲಬ್ಬಿಗೆ ಕರೆದುಕೊಂಡು ಹೋದರು. ಸೇವೆ ಮಾಡಬೇಕೆಂದು ಸೇರಿದೆ ಅಂದರೆ ಸುಳ್ಳಾಗುತ್ತದೆ. ದಿನವೆಲ್ಲ ಪಾತ್ರೆ ತೂಕ ಹಾಕಿದವನಿಗೆ ಮನೆಗೆ ಹೋಗುವ ಮೊದಲು ಒಂದಿಷ್ಟು ನಗಲು ಜಾಗ ಬೇಕಿತ್ತು. ಅಲ್ಲಿ ಅದು ಧಾರಾಳವಾಗಿ ಸಿಕ್ಕಿತು. ಅಕ್ಕಿ ಗಿರಣಿಯವರು, ಬ್ಯಾಂಕಿನ ಕ್ಯಾಷಿಯರು, ವಿಮೆ ಏಜೆಂಟರು, ಸ್ಟುಡಿಯೋ ಇಟ್ಟವರು, ಹೀಗೆ ಇಪ್ಪತ್ತೈದು ಜನ. ವಾರಕ್ಕೊಂದು ಸಂಜೆ ಕೋಟು ಹಾಕಿಕೊಂಡು ಒಬ್ಬರನ್ನೊಬ್ಬರು ಬಹುವಚನದಲ್ಲಿ ಮಾತಾಡಿಸುವುದೇ ದೊಡ್ಡ ತಮಾಷೆ. ಬೆಳಿಗ್ಗೆ ‘ಲೇ, ಬಾರ್ಲಾ’ ಎಂದವನು ಸಂಜೆ ‘ಮಾನ್ಯ ಕಾರ್ಯದರ್ಶಿಗಳೇ’ ಎನ್ನಬೇಕು.

ಸಭೆಯಲ್ಲಿ ಮುಖ ಗಂಟುಹಾಕಿಕೊಂಡು ಕೂತವರನ್ನು ಎಬ್ಬಿಸಿ ನಿಲ್ಲಿಸಿ ಹಾಡು ಹೇಳಿಸುವುದಕ್ಕೆಂದೇ ಒಂದು ಹುದ್ದೆ ಇತ್ತು. ಎರಡನೆಯ ವರ್ಷವೇ ಅದನ್ನು ನನಗೆ ಕೊಟ್ಟರು, ಆಮೇಲೆ ಯಾರೂ ವಾಪಸು ಕೇಳಲಿಲ್ಲ. ಅಕ್ಕಿ ಗಿರಣಿಯವರ ಕೈಯಲ್ಲಿ ಲಾಲಿ ಹಾಡಿಸಿದ್ದೇನೆ. ಕ್ಯಾಷಿಯರನ್ನು ಮೇಜಿನ ಸುತ್ತ ಕುಂಟಾಬಿಲ್ಲೆ ಆಡಿಸಿದ್ದೇನೆ. ಜನ ನಗುವುದನ್ನು ನೋಡಿದರೆ ನನಗೆ ಹುಚ್ಚು ಹಿಡಿದಂತಾಗುತ್ತಿತ್ತು. ಆ ಹುಚ್ಚೇ ಈ ಕಥೆಯ ಮೂಲ.

ಗಂಟೆಯ ವಿಷಯಕ್ಕೆ ಬರುತ್ತೇನೆ. ಇಂಥ ಕ್ಲಬ್ಬುಗಳಲ್ಲಿ ಅಧ್ಯಕ್ಷರ ಮೇಜಿನ ಮೇಲೆ ಒಂದು ಗಂಟೆ ಇರುತ್ತದೆ. ಅಧ್ಯಕ್ಷರು ಬಾರಿಸಿದರೆ ಸಭೆ ಶುರು, ಮತ್ತೆ ಬಾರಿಸಿದರೆ ಮುಕ್ತಾಯ. ನಮ್ಮ ಸುತ್ತಿನ ಕ್ಲಬ್ಬುಗಳಲ್ಲಿ ಒಂದು ರೂಢಿಯಿತ್ತು. ಒಂದು ಊರಿನ ಕ್ಲಬ್ಬಿನವರು ಇನ್ನೊಂದು ಊರಿಗೆ ಹೋದಾಗ ಕಣ್ಣು ತಪ್ಪಿಸಿ ಅವರ ಗಂಟೆ ಹೊತ್ತು ತರುವುದು. ತಂದ ದಿನವೇ ‘ನಿಮ್ಮ ಗಂಟೆ ನಮ್ಮಲ್ಲಿದೆ, ಊಟಕ್ಕೆ ಬನ್ನಿ’ ಎಂದು ಚೀಟಿ ಕಳಿಸಬೇಕು. ಅವರೆಲ್ಲ ಸಂಸಾರ ಸಮೇತ ಬಂದು, ಹಾಡು ಹೇಳಿ, ಕುಣಿದು, ಹೋಳಿಗೆ ಉಂಡು ಗಂಟೆ ಬಿಡಿಸಿಕೊಂಡು ಹೋಗಬೇಕು. ಎರಡು ಊರಿನ ಸ್ನೇಹ ಬೆಳೆಯಲಿ ಎಂದು ಮಾಡಿಕೊಂಡ ಕಳ್ಳಾಟ ಅದು. ಚೀಟಿ ಕಳಿಸಿದರೆ ಅದು ಆಟ, ಕಳಿಸದಿದ್ದರೆ ಕಳ್ಳತನ.

ನರಸೀಪುರದ ಗಂಟೆ ಮಾತ್ರ ಯಾರಿಗೂ ಸಿಕ್ಕಿರಲಿಲ್ಲ. ಹಿತ್ತಾಳೆಯದು, ಮರದ ಚೌಕಟ್ಟಿಗೆ ಕೊಂಡಿ ಹಾಕಿ ತೂಗುಬಿಟ್ಟದ್ದು. ಯಾವುದೋ ಕಾಲದಲ್ಲಿ ಕೆಳಗೆ ಬಿದ್ದು ಅಂಚಿನಲ್ಲಿ ಒಂದು ಚೂರು ಹಾರಿಹೋಗಿತ್ತು. ಬಾರಿಸಿದರೆ ‘ಟಣ್’ ಎಂದು ಆಮೇಲೆ ಸಣ್ಣಗೆ ಕೆಮ್ಮುತ್ತಿತ್ತು. ಅದು ಯಾರಿಗೂ ಸಿಗದಿರಲು ಕಾರಣ ಅದನ್ನು ಕಾಯುತ್ತಿದ್ದ ಡ್ರಿಲ್ ಮೇಷ್ಟ್ರು. ಹೈಸ್ಕೂಲಿನಲ್ಲಿ ಮಕ್ಕಳಿಗೆ ಕವಾಯತು ಮಾಡಿಸುತ್ತಿದ್ದವರು. ನನಗಿಂತ ನಾಲ್ಕೈದು ವರ್ಷ ದೊಡ್ಡವರು, ಕೋಲಿನಂತೆ ನೆಟ್ಟಗಿದ್ದರು. ಅವರ ಕೇರಿಯಿಂದ ಕ್ಲಬ್ಬಿಗೆ ಬಂದ ಮೊದಲನೆಯವರು ಅವರೇ. ಸೇರಿಸಿಕೊಳ್ಳುವ ಮುಂಚೆ ಅಲ್ಲಿ ಎಷ್ಟು ಗುಸುಗುಸು ನಡೆದಿತ್ತು ಎನ್ನುವುದು ನಂಜನಗೂಡಿನವರೆಗೂ ಕೇಳಿಸಿತ್ತು. ಎಂಟು ವರ್ಷ ಅವರು ಸಭೆಯ ಸಾಮಾನು ನೋಡಿಕೊಂಡರು. ಬ್ಯಾನರು ಕಟ್ಟುವುದು, ಕುರ್ಚಿ ಹಾಕಿಸುವುದು, ಹುಣಸೆಹಣ್ಣಿನಲ್ಲಿ ಗಂಟೆ ಉಜ್ಜಿ ತಂದು ಮೇಜಿನ ಮೇಲಿಡುವುದು, ಸಭೆ ಮುಗಿದ ಮೇಲೆ ಟವೆಲಿನಲ್ಲಿ ಸುತ್ತಿಕೊಂಡು ಸೈಕಲ್ಲಿನಲ್ಲಿ ಮನೆಗೆ ಒಯ್ಯುವುದು. ನಾನು ಹೇಳುತ್ತಿರುವ ವರ್ಷದ ಜುಲೈಗೆ ಅಧ್ಯಕ್ಷರಾಗುವ ಸರದಿ ಅವರಿಗೆ ಬಂದಿತ್ತು. ಎಂಟು ವರ್ಷ ಬೇರೆಯವರು ಬಾರಿಸಲೆಂದು ಉಜ್ಜಿದ ಗಂಟೆಯನ್ನು ಇನ್ನು ಒಂದು ವರ್ಷ ಅವರೇ ಬಾರಿಸಬೇಕು. ಅದಕ್ಕೆಂದು ಮೈಸೂರಿನಲ್ಲಿ ನೀಲಿ ಕೋಟು ಹೊಲಿಯಲು ಕೊಟ್ಟಿದ್ದರು. ಸಿಕ್ಕಿದವರಿಗೆಲ್ಲ ಅದರ ಗುಂಡಿಯ ಬಣ್ಣ ಹೇಳುತ್ತಿದ್ದರು.

ಮೇ ತಿಂಗಳ ಒಂದು ಭಾನುವಾರ ಎರಡೂ ಕ್ಲಬ್ಬು ಸೇರಿ ಮೂಗೂರಿನ ಶಾಲೆಯಲ್ಲಿ ಕಣ್ಣಿನ ಶಿಬಿರ ಮಾಡಿದೆವು. ಮೈಸೂರಿನಿಂದ ಡಾಕ್ಟರು ಬಂದಿದ್ದರು. ಊರಿನ ಮುದುಕ ಮುದುಕಿಯರೆಲ್ಲ ಜಗುಲಿಯ ಮೇಲೆ ನೆರೆದಿದ್ದರು. ಡ್ರಿಲ್ ಮೇಷ್ಟ್ರು ಸೀಟಿ ಊದಿ ಸಾಲು ಮಾಡಿಸಿದರು. ‘ಎಡಗಣ್ಣು... ಮುಚ್!’ ಎಂದು ಅವರು ಒಬ್ಬ ಅಜ್ಜನಿಗೆ ಹೇಳಿದರೆ ಸಾಲಿನಲ್ಲಿದ್ದ ಮೂವತ್ತು ಜನವೂ ಎಡಗಣ್ಣು ಮುಚ್ಚಿಕೊಂಡು ನಿಂತರು. ‘ಆರಾಮ್!’ ಎನ್ನುವವರೆಗೆ ಒಬ್ಬರೂ ತೆರೆಯಲಿಲ್ಲ.

ಓದು ಬಾರದವರಿಗೆ ಅಕ್ಷರದ ಬೋರ್ಡು ತೋರಿಸಿ ಏನು ಪ್ರಯೋಜನ? ಅದಕ್ಕೆ ಮೇಷ್ಟ್ರೇ ಒಂದು ಉಪಾಯ ಮಾಡಿದ್ದರು. ಹತ್ತಿರದ ನೋಟಕ್ಕೆ ಚಾಳೀಸು ಕೊಟ್ಟ ಮೇಲೆ ತಟ್ಟೆಯಲ್ಲಿ ಅಕ್ಕಿ ಇಟ್ಟು ಕಲ್ಲು ಆರಿಸಲು ಹೇಳುವುದು. ಒಬ್ಬ ಅಜ್ಜಿ ಚಾಳೀಸು ಹಾಕಿಕೊಂಡು ತಟ್ಟೆ ನೋಡಿದಳೋ ಇಲ್ಲವೋ, ಎದೆ ಬಡಿದುಕೊಂಡಳು.

“ಅಯ್ಯೋ ನನ್ ಸಿವ್ನೇ! ಇಷ್ಟ್ ಕಲ್ಲಾ! ನನ್ ಸೊಸೆ ಇಷ್ಟ್ ದಿನ ನಂಗೆ ಕಲ್ಲೇ ಬೇಯ್ಸಾಕವ್ಳೆ ಕಣ್ರಪ್ಪೋ!”

ಪಕ್ಕದಲ್ಲೇ ನಿಂತಿದ್ದ ಸೊಸೆ ಸುಮ್ಮನಿರಲಿಲ್ಲ. “ಅತ್ತೆ, ಇಷ್ಟ್ ದಿನ ಅಕ್ಕಿ ಆರಿಸ್ತಿದ್ದೋರು ನೀವೇ ಅಲ್ವಾ?”

ಡಾಕ್ಟರು ಟಾರ್ಚು ಕೆಳಗಿಟ್ಟು ನಕ್ಕರು. ಮೇಷ್ಟ್ರ ಬಾಯಲ್ಲಿದ್ದ ಸೀಟಿ ನಗುವಿಗೆ ತಾನಾಗಿ ಊದಿಕೊಂಡಿತು. ಸೀಟಿ ಕೇಳಿದ್ದೇ ತಡ, ಮೂವತ್ತು ಜನ ಮತ್ತೆ ಎಡಗಣ್ಣು ಮುಚ್ಚಿಕೊಂಡರು. ಹಾಗೆ ನಕ್ಕ ದಿನ ನನ್ನ ಬದುಕಿನಲ್ಲಿ ಇನ್ನೊಂದಿಲ್ಲ.

ಶಿಬಿರ ಮುಗಿಸಿ ನರಸೀಪುರದ ಛತ್ರಕ್ಕೆ ಬಂದು ಜಂಟಿ ಸಭೆ ಮಾಡಿದೆವು. ಆಮೇಲೆ ಊಟ. ಎಲ್ಲರೂ ಎಲೆಯ ಮುಂದೆ ಕೂತಾಗ ಮೇಜಿನ ಮೇಲೆ ಗಂಟೆ ಒಂಟಿಯಾಗಿತ್ತು. ಮೇಷ್ಟ್ರು ಪಾಯಸದ ಸೌಟು ಹಿಡಿದು ಬಡಿಸುತ್ತಿದ್ದರು. ಅವರು ಗಂಟೆಗೆ ಬೆನ್ನು ಹಾಕಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಶಿಬಿರದ ಅಡುಗೆಗೆ ನನ್ನ ಅಂಗಡಿಯಿಂದ ತಂದಿದ್ದ ದೊಡ್ಡ ಕೊಳಗ ಖಾಲಿಯಾಗಿ ಬಾಗಿಲಲ್ಲೇ ಇತ್ತು. ಕೊಂಡಿ ಬಿಚ್ಚಿದೆ, ಗಂಟೆಯ ನಾಲಿಗೆಗೆ ಕರ್ಚೀಫು ಸುತ್ತಿದೆ, ಕೊಳಗದೊಳಗಿಟ್ಟು ತಟ್ಟೆ ಮುಚ್ಚಿದೆ. ಚೌಕಟ್ಟನ್ನು ಅಲ್ಲೇ ಬಿಟ್ಟೆ. ನಮ್ಮವರಿಗೂ ಹೇಳಲಿಲ್ಲ. ಎಲ್ಲರನ್ನೂ ಒಟ್ಟಿಗೆ ಬೆಚ್ಚಿಬೀಳಿಸಬೇಕು ಎಂಬ ಆಸೆ.

ವ್ಯಾನು ಊರು ದಾಟುವಷ್ಟರಲ್ಲಿ ಕರ್ಚೀಫು ಜಾರಿತು. ಗುಂಡಿ ಬಂದಾಗಲೆಲ್ಲ ಕೊಳಗದೊಳಗಿಂದ ‘ಟಣ್’, ಆಮೇಲೆ ಕೆಮ್ಮು.

“ಏನ್ರೀ ಅದು ಸದ್ದು?” ಎಂದು ಕ್ಯಾಷಿಯರು ಕೇಳಿದರು.

“ಸೌಟು ಕಣ್ರೀ, ಸೌಟು!” ಎಂದವನೇ ಎದ್ದು ನಿಂತು ಭಜನೆ ಶುರುಮಾಡಿದೆ. ನನ್ನ ಹುದ್ದೆಯೇ ಅದಾಗಿದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ. ಎಲ್ಲರೂ ದನಿಗೂಡಿಸಿದರು, ಚಪ್ಪಾಳೆ ತಟ್ಟಿದರು. ಗಂಟೆ ಸರಿಯಾಗಿ ತಾಳಕ್ಕೇ ಬಡಿದುಕೊಳ್ಳತೊಡಗಿತು. ಅಕ್ಕಿ ಗಿರಣಿಯವರು ಕಣ್ಣುಮುಚ್ಚಿ, “ಸಾಕ್ಷಾತ್ ಗುಡೀಲಿ ಕೂತಂಗಿದೆ ಸಾವ್ಕಾರ್ರೇ” ಎಂದರು. ನಾನು ನಗು ತಡೆಯಲಾರದೆ ಕೊಳಗ ತಬ್ಬಿಕೊಂಡು ಅತ್ತೆ.

ಆ ದಿನವೇ ಚೀಟಿ ಕಳಿಸಬೇಕಿತ್ತು. ಬರೆದೂ ಇಟ್ಟಿದ್ದೆ. ಒಂದು ವಾರ ಹುಡುಕಾಡಲಿ, ಮುಂದಿನ ಸಭೆಯಲ್ಲಿ ಪರದಾಡಲಿ, ಆಮೇಲೆ ನಾನೇ ಹೋಗಿ ಚೀಟಿ ಕೊಟ್ಟರೆ ಮಜಾ ಇನ್ನೂ ಜಾಸ್ತಿ ಎನ್ನಿಸಿತು. ಗಂಟೆಯನ್ನು ಮನೆಯಲ್ಲಿಟ್ಟರೆ ಕ್ಲಬ್ಬಿನವರು ಯಾರಾದರೂ ನೋಡಿಯಾರು. ಅಂಗಡಿಯಲ್ಲಿ ದೇವಸ್ಥಾನದ ಗಂಟೆಗಳು ಸಾಲಾಗಿ ನೇತಾಡುತ್ತಿದ್ದವು. ಅವುಗಳ ನಡುವೆ ನೇತುಹಾಕಿದೆ. ಗಂಟೆಯನ್ನು ಬಚ್ಚಿಡಲು ಗಂಟೆಗಳ ಮಧ್ಯಕ್ಕಿಂತ ಒಳ್ಳೆಯ ಜಾಗ ಯಾವುದಿದೆ ಎಂದು ನನ್ನ ಬುದ್ಧಿಗೆ ನಾನೇ ಬೆರಗಾದೆ.

ಮೂರನೆಯ ದಿನ ನಾನು ಬ್ಯಾಂಕಿಗೆ ಹೋಗಿ ಬರುವಷ್ಟರಲ್ಲಿ ಅಲ್ಲಿ ಬರಿಯ ಕೊಕ್ಕೆ ಇತ್ತು. ಅಂಗಡಿಯಲ್ಲಿ ಹೆಂಡತಿ ಕೂತಿದ್ದಳು.

“ಇಲ್ಲಿದ್ದ ಗಂಟೆ ಎಲ್ಲೇ?”

“ಮಾರ್ಬಿಟ್ಟೆ ಕಣ್ರೀ. ಚೂರು ಕಿತ್ತೋಗಿತ್ತಲ್ಲ, ಅದು. ಯಾರ್ ತಗೋತಾರೆ ಅಂತಿದ್ದೆ, ಪುಣ್ಯಾತ್ಮ ಒಬ್ಬ ಸಿಕ್ದ.”

“ಯಾರೇ ಅವನು?”

“ಯಾರೋ ಹಳ್ಳಿಯೋನು. ಮನೆದೇವ್ರ ಗುಡೀಗಂತೆ. ಅದ್ಯಾಕೆ ಹಂಗೆ ಬೆವರ್ತಿದೀರಾ?”

“ಅದು ಮಾರಕ್ಕಿಟ್ಟಿದ್ದಲ್ಲ ಕಣೇ!”

“ಅಂಗ್ಡೀಲಿ ನೇತಾಕೋದು ಮತ್ತ್ಯಾಕ್ರೀ, ಪೂಜೆ ಮಾಡಕ್ಕಾ?”

ಆ ವಾರದ ಸಭೆಗೆ ನರಸೀಪುರಕ್ಕೆ ಹೋದೆ. ಚೀಟಿ ಜೇಬಿನಲ್ಲೇ ಇತ್ತು. ಎಲ್ಲ ಹೇಳಿಬಿಡುವುದೆಂದು ಬಸ್ಸಿನಲ್ಲಿ ಮಾತು ಜೋಡಿಸಿಕೊಂಡಿದ್ದೆ. ಮೇಜಿನ ಮೇಲೆ ಬರಿಯ ಚೌಕಟ್ಟು ಇತ್ತು. ಅದನ್ನೂ ಎಣ್ಣೆ ಹಚ್ಚಿ ಒರೆಸಿಟ್ಟಿದ್ದರು. ಅಧ್ಯಕ್ಷರು ಸ್ಟೀಲ್ ಲೋಟಕ್ಕೆ ಚಮಚದಿಂದ ಹೊಡೆದು ಸಭೆ ಶುರುಮಾಡಿದರು. ಎಲ್ಲರೂ ಗೊಳ್ಳೆಂದರು. ಯಾವ ಕ್ಲಬ್ಬಿನಿಂದಲೂ ಚೀಟಿ ಬಂದಿಲ್ಲ, ಹಾಗಾದರೆ ಇದು ಆಟವಲ್ಲ ಎಂದು ಒಬ್ಬರು ಹೇಳಿದರು. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಇನ್ನೊಬ್ಬರು, “ಮೇಷ್ಟ್ರ ಕೇರೀಲಿ ವಿಚಾರಿಸ್ರಪ್ಪ, ಯಾವ ಗುಡೀಲಿ ಬಾರಿಸ್ತಾ ಇದ್ದಾತು ನಮ್ ಗಂಟೆ” ಎಂದರು.

ನಗು ಎದ್ದಿತು. ಅದು ಶಿಬಿರದ ದಿನದ ನಗುವಲ್ಲ. ಬೇರೆ ಥರದ್ದು. ಅದು ಗೊತ್ತಾಗದಷ್ಟು ದಡ್ಡ ನಾನಲ್ಲ. ಆದರೂ ನಾನೂ ನಕ್ಕೆ. ನಗುವುದು ನನ್ನ ಹುದ್ದೆಯಾಗಿತ್ತಲ್ಲ, ನಗದಿದ್ದರೆ ಅನುಮಾನ ಬಂದೀತು ಎನ್ನಿಸಿತು.

ಮೇಷ್ಟ್ರು ಎದ್ದು ನಿಂತರು. “ನಮ್ ಕೇರೀಲಿರೋದು ಬುದ್ಧನ ಫೋಟೋ ಸಾ. ಅವರಿಗೆ ಗಂಟೆ ಸದ್ದು ಬೇಕಾಗಿಲ್ಲ” ಎಂದು ನಗುನಗುತ್ತಲೇ ಹೇಳಿದರು. ಮತ್ತೆ ಕೂರಲಿಲ್ಲ. “ಒಂದ್ ಗಂಟೆ ಕಾಯಕ್ಕಾಗದೋನು ಕ್ಲಬ್ ಹೆಂಗ್ ಕಾದಾನು? ಜುಲೈಗೆ ಬೇರೆಯವರನ್ನ ನೋಡ್ಕಳಿ.”

ಯಾರಾದರೂ ‘ಛೆ ಛೆ, ಹಾಗಂದರೆ ಹೇಗೆ’ ಎನ್ನುತ್ತಾರೆಂದು ಕಾದೆ. ಒಬ್ಬರೂ ಅನ್ನಲಿಲ್ಲ. ನಾನಾದರೂ ಅನ್ನಬಹುದಿತ್ತು. ಜೇಬಿನ ಚೀಟಿ ತೆಗೆದಿದ್ದರೆ ಮಾತೇ ಬೇಕಿರಲಿಲ್ಲ. ತೆಗೆಯಲಿಲ್ಲ. ಗಂಟೆ ಸಮೇತ ಬಂದು ಹೇಳಿದರೆ ಎಲ್ಲ ಸರಿಹೋಗುತ್ತದೆ, ಮೊದಲು ಗಂಟೆ ಹುಡುಕುತ್ತೇನೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಹುಡುಕಿದೆ. ಸ್ಕೂಟರು ಹತ್ತಿ ಹಳ್ಳಿಹಳ್ಳಿಯ ಗುಡಿಗಳಿಗೆ ಹೋಗಿ ಗಂಟೆ ಬಾರಿಸಿ, ಕಿವಿಗೊಟ್ಟು, ಕೆಮ್ಮುತ್ತದೆಯೇ ಎಂದು ಕೇಳಿದೆ. ಹೆಡತಲೆ ಎಂಬ ಊರಿನಲ್ಲಿ ಒಂದೇ ಬೆಳಿಗ್ಗೆ ಸಿಕ್ಕ ಗುಡಿಯನ್ನೆಲ್ಲ ಹೊಕ್ಕು ಬಂದೆ. ಪ್ರತಿ ಗುಡಿಯಲ್ಲೂ ಮಂಗಳಾರತಿ, ಪ್ರತಿ ಗುಡಿಯಲ್ಲೂ ಹಣೆಗೆ ವಿಭೂತಿ. ಮಧ್ಯಾಹ್ನ ಮನೆಗೆ ಬಂದಾಗ ಹೆಂಡತಿ ಬಾಗಿಲಲ್ಲೇ ಕೈಮುಗಿದಳು, “ಸ್ವಾಮ್ಗಳು ಯಾವ ಮಠದವರು?” ಎಂದು. ಪಾತ್ರೆ ಅಂಗಡಿಯವರಿಗೆ ಇದ್ದಕ್ಕಿದ್ದಂತೆ ಭಕ್ತಿ ಹಿಡಿಯಿತು ಎಂದು ಬಜಾರೆಲ್ಲ ಮಾತಾಯಿತು. ಸ್ಟುಡಿಯೋದವರು ಅಂಗಡಿಗೇ ಬಂದು, “ಸನ್ಯಾಸ ತಗೊಳ್ಳೋ ಮುಂಚೆ ಒಂದ್ ಫೋಟೋ ಹೊಡ್ಸ್ಕೊಂಬುಡಿ” ಎಂದರು.

ಮೂರನೆಯ ವಾರ ಹೆಮ್ಮರಗಾಲದ ಹೊಲಗಳ ನಡುವೆ ಒಂದು ಪುಟ್ಟ ಗುಡಿಯಲ್ಲಿ ಕೈಯೆತ್ತಿ ಬಾರಿಸಿದೆ. ‘ಟಣ್’ ಎಂದಿತು. ಕೆಮ್ಮಿತು. ನಾನು ಅಲ್ಲೇ ಕುಣಿದೆ. ಪೂಜಾರಪ್ಪ ಹೊಲದಿಂದ ಓಡಿಬಂದ.

“ಏನ್ಲಾ... ಏನ್ ಸಾ, ದೇವ್ರು ಬಂತಾ ಮೈಮ್ಯಾಲೆ?”

“ಈ ಗಂಟೆ ವಾಪಸ್ ಕೊಡಪ್ಪ. ಇದಕ್ಕಿಂತ ಎರಡರಷ್ಟು ದೊಡ್ಡದು ತಂದ್ ಕಟ್ಟಿಸ್ತೀನಿ.”

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. “ದೇವ್ರಿಗ್ ಒಪ್ಸಿದ್ದ ಬಿಚ್ಚಕಾಯ್ತದಾ ಸಾ? ನಿಮ್ ಅಂಗ್ಡೀಲೇ ತಂದುದ್ದು. ವಾಪಸ್ ಕೇಳಂಗಿದ್ರೆ ಆವತ್ತೇ ಮಾರ್ಬಾರ್ದಿತ್ತು.”

ಗುಡಿಗೆ ಕೈಮುಗಿದು ಬಂದು ಸ್ಕೂಟರು ಹತ್ತಿದೆ. ಅಲ್ಲಿಂದ ನರಸೀಪುರ ದೂರವೇನಲ್ಲ. ನೆಟ್ಟಗೆ ಮೇಷ್ಟ್ರ ಮನೆಗೆ ಹೋಗಿ, ‘ಗಂಟೆ ಇಂಥ ಕಡೆ ಇದೆ, ತಪ್ಪು ನನ್ನದು’ ಎಂದಿದ್ದರೆ ಜುಲೈಗೆ ಇನ್ನೂ ಸಮಯವಿತ್ತು. ಸ್ಕೂಟರನ್ನು ನಂಜನಗೂಡಿನ ಕಡೆಗೆ ತಿರುಗಿಸಿದೆ.

ಆಮೇಲೆ ಮಾಡಿದ್ದು ಇನ್ನೂ ಕೆಟ್ಟದ್ದು. ನನ್ನ ಅಂಗಡಿಯಿಂದ ಒಳ್ಳೆಯದೊಂದು ಹೊಸ ಗಂಟೆ ಆರಿಸಿ, ನಂಜನಗೂಡಿನ ಗೆಳೆಯರ ಕಾಣಿಕೆಯೆಂದು ನರಸೀಪುರ ಕ್ಲಬ್ಬಿಗೆ ಕೊಟ್ಟೆ. ಜುಲೈನ ಪದಗ್ರಹಣದ ದಿನ ನನ್ನನ್ನು ವೇದಿಕೆಗೆ ಕರೆದು ಶಾಲು ಹೊದಿಸಿದರು, ಏಲಕ್ಕಿ ಹಾರ ಹಾಕಿದರು. ಹೊಸ ಅಧ್ಯಕ್ಷರು ‘ವಿಶಾಲ ಹೃದಯ’ ಎಂದರು. ಅವರು ಗಂಟೆ ಬಾರಿಸಿದರು, ಜನ ಚಪ್ಪಾಳೆ ತಟ್ಟಿದರು. ಆ ಗಂಟೆಯನ್ನು ಹಳೆಯ ಚೌಕಟ್ಟಿಗೆ ಕೊಂಡಿ ಹಾಕಿ ಮೇಜಿನ ಮೇಲಿಟ್ಟವರು ಡ್ರಿಲ್ ಮೇಷ್ಟ್ರೇ. ಬಿಳಿ ಅಂಗಿಯಲ್ಲಿ ಬಂದಿದ್ದರು, ಕೋಟಿರಲಿಲ್ಲ. ಕೆಳಗಿಳಿದಾಗ ನನ್ನ ಎರಡೂ ಕೈ ಹಿಡಿದುಕೊಂಡು, “ದೊಡ್ ಉಪಕಾರ ಮಾಡಿದ್ರಿ ಸಾವ್ಕಾರ್ರೇ. ಖಾಲಿ ಚೌಕಟ್ಟು ತಂದಿಡೋದು ತಪ್ತು” ಎಂದರು. ಕುತ್ತಿಗೆಯ ತುಂಬ ಏಲಕ್ಕಿ ಘಮಘಮ ಎನ್ನುತ್ತಿತ್ತು. ಈಗಲೂ ಹೆಂಡತಿ ಪಾಯಸಕ್ಕೆ ಏಲಕ್ಕಿ ಹಾಕಿದರೆ ನಾನು ಬೇಡ ಎನ್ನುತ್ತೇನೆ.

ಮೇಷ್ಟ್ರು ಆ ವರ್ಷ ಪೂರ್ತಿ ಬಂದು ಕುರ್ಚಿ ಹಾಕಿಸಿದರು. ಮುಂದಿನ ವರ್ಷದಿಂದ ಬರಲಿಲ್ಲ.

ಎರಡು ಸಾವಿರದ ಇಸವಿ ದಾಟಿ ಐದಾರು ವರ್ಷವಾಗಿತ್ತು. ನಂಜನಗೂಡಿನಲ್ಲಿ ನಮ್ಮ ಶಿಬಿರ. ಪೊರೆ ಆಪರೇಷನ್ ಮಾಡಿಸಿಕೊಂಡವರನ್ನು ಮೈಸೂರಿನಿಂದ ವ್ಯಾನಿನಲ್ಲಿ ಕರೆತಂದು ಛತ್ರದಲ್ಲಿ ಇಳಿಸುತ್ತಿದ್ದೆವು. ಕೈಹಿಡಿದು ಇಳಿಸುವ ಕೆಲಸ ನನ್ನದು. ಒಬ್ಬರ ಕೈ ಹಿಡಿದೆ. ಒಂದು ಕಣ್ಣಿಗೆ ಹಸಿರು ಬಟ್ಟೆ, ಇನ್ನೊಂದರಲ್ಲೂ ಪೊರೆ. ಮೈಮೇಲೆ ನೀಲಿ ಕೋಟು, ಮೊಣಕೈ ಹತ್ತಿರ ಸವೆದು ಹೊಳೆಯುತ್ತಿತ್ತು. ಆಗಲೂ ಕೋಲಿನಂತೆ ನೆಟ್ಟಗೇ ನಿಂತಿದ್ದರು.

“ನಿಧಾನ, ಮೆಟ್ಟಿಲಿದೆ” ಎಂದೆ.

“ಓಹೋ! ಪಾತ್ರೆ ಸಾವ್ಕಾರ್ರು!” ಎಂದು ದನಿಯಲ್ಲೇ ಗುರುತು ಹಿಡಿದರು. “ಇನ್ನೂ ಹಾಡು ಹೇಳಿಸ್ತೀರೋ, ಬಿಟ್ಬುಟ್ರೋ? ಹೇಳಿದ್ರೆ ಈಗ್ಲೇ ಹೇಳ್ಬುಡ್ತೀನಿ, ಕಣ್ ಮುಚ್ಕೊಂಡೇ ಇದೀನಿ.”

ಸುತ್ತ ಇದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಕೋಟು ಚೆನ್ನಾಗಿದೆ ಎಂದೆ, ಬೇರೇನೂ ತೋಚದೆ.

“ಸಭೆಗೆ ಹಾಕಕ್ಕಾಗ್ಲಿಲ್ಲ, ಆಸ್ಪತ್ರೆಗಾದ್ರೂ ಆಗ್ಲಿ ಅಂತ” ಎಂದರು. ಕುರ್ಚಿಯಲ್ಲಿ ಕೂರಿಸಿದೆ. ನನ್ನ ಕೈ ಬಿಡಲಿಲ್ಲ. “ಒಂದೇ ಯೋಚ್ನೆ ಕಣ್ರೀ ನಂಗೆ. ಅಧ್ಯಕ್ಷ ಆಗ್ದೇ ಓದ್ರೆ ಓಯ್ತು. ಆ ಗಂಟೆ ಎಲ್ ಓಯ್ತು ಅಂತ ಗೊತ್ತಾಗ್ಬೇಕಿತ್ತು. ಆವತ್ತು ಪಾಯಸ ಬಡಿಸಕ್ಕೆ ಯಾಕಾದ್ರೂ ಓದ್ನೋ.”

ಅವರಿಗೆ ನನ್ನ ಮುಖ ಕಾಣುತ್ತಿರಲಿಲ್ಲ. ಹೇಳಲು ಅದಕ್ಕಿಂತ ಸುಲಭದ ಗಳಿಗೆ ಯಾವುದಿತ್ತು? ಬಾಯಿ ತೆರೆದೆ. “ಕಾಫಿ ಕುಡೀತೀರಾ ಮೇಷ್ಟ್ರೇ?” ಎಂದು ಕೇಳಿದೆ. ಕುಡೀತೀನಿ ಎಂದರು. ತಂದುಕೊಟ್ಟೆ, ಲೋಟ ಕೈಗೆ ಸಿಗುವಂತೆ ಹಿಡಿದು ನಿಂತೆ.

ಹೆಂಡತಿಗೆ ಎಲ್ಲ ಹೇಳಿ ತಪ್ಪಾಯಿತು ಎಂದಿದ್ದೇನೆ. ಅವಳು ಎರಡು ದಿನ ಮಾತು ಬಿಟ್ಟಳು, ಮೂರನೆಯ ದಿನ, “ನನ್ ಕೈಲೂ ಪಾಪ ಮಾಡ್ಸಿದ್ರಲ್ರೀ” ಎಂದಳು. ಹೆಮ್ಮರಗಾಲದ ಆ ದೇವರಿಗೆ ವರ್ಷಕ್ಕೊಮ್ಮೆ ಹೋಗಿ ಹೇಳುತ್ತೇನೆ. ಗಂಟೆ ಕೆಮ್ಮುತ್ತದೆ. ಇದನ್ನು ಓದುತ್ತಿರುವ ಎರಡೂ ಊರಿನ ಗೆಳೆಯರಲ್ಲಿ ಈಗ ಕ್ಷಮೆ ಕೇಳಿಕೊಂಡ ಹಾಗಾಯಿತು. ಆವತ್ತು ಹಿಂದಿನ ಸಾಲಿನಿಂದ ಆ ಮಾತಾಡಿದವರನ್ನು ನಾನು ದೂರುವುದಿಲ್ಲ. ಅವರಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು.

ಇನ್ನು ಒಬ್ಬರಿದ್ದಾರೆ. ಎರಡನೆಯ ಕಣ್ಣಿನ ಪೊರೆಯನ್ನೂ ತೆಗೆಸಿಕೊಂಡು, ಈಗ ಬೆಳಿಗ್ಗೆ ಜಗುಲಿಯಲ್ಲಿ ಕೂತು ಅಚ್ಚಾದದ್ದನ್ನೆಲ್ಲ ಒಂದಕ್ಷರ ಬಿಡದೆ ಓದುತ್ತಾರಂತೆ. ಅದಕ್ಕೇ ಇದನ್ನು ಬರೆದೆ. ಬಾಯಿಬಿಟ್ಟು ಕ್ಷಮೆ ಕೇಳಬೇಕಾಗಿದ್ದು, ಈವರೆಗೂ ಕೇಳದೆ ಉಳಿದಿರುವುದು ಅವರೊಬ್ಬರನ್ನೇ, ನರಸೀಪುರದ ಡ್ರಿಲ್ ಮೇಷ್ಟ್ರನ್ನು.